ಬೆಟ್ಟದ ಮೇಲೆ ಯಾರಿದ್ದರು? ಜಪಾನಿನ ಯಮಬಿತೊ ಕತೆಗಳನ್ನು ಓದುವ ಮುಂಚೆ

2025ರ ನವೆಂಬರ್‌ನಲ್ಲಿ ಜಪಾನ್ ತನ್ನ ಸೈನಿಕರನ್ನು ಉತ್ತರದ ಅಕಿತಾ ಪ್ರಾಂತ್ಯಕ್ಕೆ ಕಳಿಸಿತು. ಯುದ್ಧಕ್ಕಲ್ಲ, ಕರಡಿಗಳ ಕಾಟಕ್ಕೆ. ಅಕಿತಾದಲ್ಲೂ ಪಕ್ಕದ ಇವಾತೆಯಲ್ಲೂ ಕರಡಿಗಳು ಬೆಟ್ಟ ಇಳಿದು ಹೊಲ, ಹಿತ್ತಿಲು, ಅಂಗಡಿ ಅಂತ ನೋಡದೆ ನುಗ್ಗುತ್ತಿದ್ದವು. ಆ ವರ್ಷ ದೇಶದಲ್ಲಿ ಕರಡಿ ದಾಳಿಗೆ ಹತ್ತಕ್ಕೂ ಜಾಸ್ತಿ ಜನ ಸತ್ತರು. ಸೈನಿಕರ ಕೆಲಸ ಬೋನು ಸಾಗಿಸುವುದು, ಇಡುವುದಕ್ಕೆ ಕೈ ಜೋಡಿಸುವುದು. ಗುಂಡು ಹೊಡೆಯುವುದು ಅಲ್ಲಿನ ಬೇಟೆಗಾರರಿಗೇ ಬಿಟ್ಟಿದ್ದು. ಪ್ರತಿ ಡಿಸೆಂಬರ್‌ನಲ್ಲಿ ಕ್ಯೋಟೋದ ಕಿಯೊಮಿಜು ದೇವಾಲಯದಲ್ಲಿ ದೊಡ್ಡ ಕುಂಚ ಹಿಡಿದು ‘ವರ್ಷದ ಅಕ್ಷರ’ ಬರೆಯುತ್ತಾರಲ್ಲ, ಆ ವರ್ಷ ಅದೂ ‘ಕರಡಿ’ಯೇ ಆಯಿತು.

ಈ ಸುದ್ದಿ ಓದಿದವರಿಗೆ ಅಲ್ಲಲ್ಲಿ ಒಂದು ಹೊಸ ಪದ ಸಿಕ್ಕಿರಬಹುದು: ಮತಗಿ. ತಲೆಮಾರುಗಳಿಂದ ಕರಡಿ ಬೇಟೆ ಆಡಿದ ಬೆಟ್ಟದ ಜನ. ಇನ್ನೊಂದು ಕಡೆ, ಅನಿಮೆ ನೋಡುವ ನಮ್ಮ ಮನೆ ಹುಡುಗರು ಕೆಂಪು ಮುಖ, ಉದ್ದ ಮೂಗಿನ ಮುಖವಾಡ ತೋರಿಸಿ ‘ಇದು ಯಾವ ದೇವರು?’ ಅಂತ ಕೇಳುತ್ತಾರೆ. ಎರಡೂ ಪ್ರಶ್ನೆ ನಮ್ಮನ್ನು ಒಂದೇ ಜಾಗಕ್ಕೆ ಕರೆದುಕೊಂಡು ಹೋಗುತ್ತವೆ. ಜಪಾನಿನ ಬೆಟ್ಟದಲ್ಲಿ ನೂರಾರು ವರ್ಷ ‘ಇದ್ದಾರೆ’ ಅಂತ ಜನ ನಂಬಿದ್ದ, ಯಮಬಿತೊ ಅನ್ನುವ ಒಂದು ಬಗೆಯ ಮನುಷ್ಯರ ಹತ್ತಿರಕ್ಕೆ.

ಒಂದೇ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಈ ಕತೆಗಳನ್ನು ಓದುವಾಗ ‘ಇದು ನಿಜವೋ ಸುಳ್ಳೋ’ ಅಂತ ಕೇಳುವುದಕ್ಕಿಂತ ‘ಇದನ್ನು ಹೇಳುತ್ತಿರುವವರು ಎಲ್ಲಿ ನಿಂತಿದ್ದಾರೆ’ ಅಂತ ಕೇಳಿದರೆ ಜಾಸ್ತಿ ಅರ್ಥವಾಗುತ್ತದೆ.

ಮೊದಲು ಬೆಟ್ಟ, ಆಮೇಲೆ ಜನ

ಜಪಾನಿನ ಮುಕ್ಕಾಲು ಭಾಗ ಗುಡ್ಡಬೆಟ್ಟ. ಮೂರರಲ್ಲಿ ಎರಡು ಭಾಗ ಕಾಡು. ಜನ ಇರುವುದು, ಭತ್ತ ಬೆಳೆಯುವುದು, ಪೇಟೆ ಕಟ್ಟುವುದು ಎಲ್ಲ ಉಳಿದ ಸಣ್ಣ ಬಯಲಿನಲ್ಲಿ. ಅಂದರೆ ಯಾವ ಹಳ್ಳಿಯಲ್ಲಿ ನಿಂತು ತಲೆ ಎತ್ತಿದರೂ ಬೆಟ್ಟ ಕಾಣುತ್ತದೆ. ಆದರೆ ಅಲ್ಲಿಗೆ ಎಲ್ಲರೂ ಹೋಗುವುದಿಲ್ಲ.

ಹಳ್ಳಿಗೆ ಅಂಟಿಕೊಂಡ ಕಾಡು ಒಂದು. ಸೌದೆ, ಸೊಪ್ಪು, ಅಣಬೆ ತರುವ ಜಾಗ. ಅದಕ್ಕೆ ಸತೊಯಮ ಅನ್ನುತ್ತಾರೆ, ಊರಬೆಟ್ಟ ಅಂದುಕೊಳ್ಳಿ. ಅದನ್ನು ದಾಟಿದರೆ ಒಕುಯಮ, ಒಳಬೆಟ್ಟ. ಅಲ್ಲಿ ಊರಿನ ನಿಯಮ ನಡೆಯುವುದಿಲ್ಲ. ಅದು ದೇವರ ಜಾಗ, ಸತ್ತವರ ಆತ್ಮ ಹೋಗಿ ಸೇರುವ ಜಾಗ ಅಂತ ಅನೇಕ ಕಡೆ ನಂಬಿಕೆ. ಬೆಟ್ಟದ ದೇವರು ವಸಂತದಲ್ಲಿ ಕೆಳಗಿಳಿದು ಗದ್ದೆ ಕಾಯುತ್ತದೆ, ಕೊಯ್ಲು ಮುಗಿದ ಮೇಲೆ ಮತ್ತೆ ಹತ್ತಿ ಹೋಗುತ್ತದೆ ಅಂತಲೂ ರೈತರು ಹೇಳುತ್ತಿದ್ದರು.

ಈಗ ಪದಗಳು. ಜಪಾನಿ ಭಾಷೆಯಲ್ಲಿ ‘ಯಮ’ ಅಂದರೆ ಬೆಟ್ಟ. ನಮ್ಮ ಯಮಧರ್ಮನಿಗೂ ಇದಕ್ಕೂ ಸಂಬಂಧವಿಲ್ಲ, ಉಚ್ಚಾರ ಒಂದೇ ಅಷ್ಟೆ. ‘ಹಿತೊ’ ಅಂದರೆ ಮನುಷ್ಯ. ಎರಡೂ ಸೇರಿದಾಗ ‘ಯಮಬಿತೊ’, ಬೆಟ್ಟದ ಮನುಷ್ಯ. ಗಂಡಸಾದರೆ ಯಮ-ಒತೊಕೊ, ಹೆಂಗಸಾದರೆ ಯಮ-ಒನ್ನ. ವಯಸ್ಸಾದ ಹೆಂಗಸು ಯಮಉಬ, ಮಾತಿನಲ್ಲಿ ಯಮಂಬ.

ಕತೆಗಳಲ್ಲಿ ಈ ಗಂಡಸು ತುಂಬಾ ಎತ್ತರ. ಕಣ್ಣಿನ ಬಣ್ಣ ಬೇರೆ, ನೋಡಿದರೆ ಭಯವಾಗುತ್ತದೆ. ಹೆಂಗಸಿಗೆ ಬಿಳಿಚಿದ ಮುಖ, ನೆಲ ಮುಟ್ಟುವ ಕೂದಲು. ಇವರು ದೆವ್ವಗಳಲ್ಲ ಅನ್ನುವುದನ್ನು ಗಮನಿಸಬೇಕು. ಗುಂಡು ಹೊಡೆದರೆ ಸಾಯುತ್ತಾರೆ, ಹಸಿವಾಗುತ್ತದೆ, ಮದುವೆಯಾಗುತ್ತಾರೆ, ಮಕ್ಕಳಾಗುತ್ತವೆ. ಮನುಷ್ಯರೇ, ಆದರೆ ನಮ್ಮಂಥ ಮನುಷ್ಯರಲ್ಲ.

ಯಮಂಬ: ತಿನ್ನುವವಳೂ ಅವಳೇ, ಸಾಕುವವಳೂ ಅವಳೇ

ಜಪಾನಿನ ಮಕ್ಕಳಿಗೆ ಹೇಳುವ ಒಂದು ಕತೆಯಲ್ಲಿ ದೇವಾಲಯದ ಹುಡುಗನೊಬ್ಬ ಕಾಡಿಗೆ ಹೋಗಿ ಯಮಂಬಳ ಗುಡಿಸಲಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತಾನೆ. ಗುರು ಕೊಟ್ಟ ಮೂರು ಮಂತ್ರದ ಚೀಟಿಗಳಿಂದ ತಪ್ಪಿಸಿಕೊಂಡು ಓಡಿ ಬರುತ್ತಾನೆ. ಬೆನ್ನಟ್ಟಿ ಬಂದವಳಿಗೆ ಗುರು ‘ನಿನಗೆ ಕಾಳಿನಷ್ಟು ಚಿಕ್ಕದಾಗಲು ಬರುತ್ತದಾ?’ ಅಂತ ಕೇಳುತ್ತಾನೆ. ಅವಳು ಕಾಳಾಗುತ್ತಾಳೆ. ಗುರು ಅದನ್ನು ಅಕ್ಕಿ ಕಡುಬಿನಲ್ಲಿ ಇಟ್ಟು ನುಂಗಿಬಿಡುತ್ತಾನೆ. ಇಲ್ಲಿ ಅವಳು ನರಭಕ್ಷಕಿ.

ಆದರೆ ಅವಳೇ ತಾಯಿಯೂ ಹೌದು. ಕಿಂತಾರೊ ಅಂತ ಒಬ್ಬ ದಷ್ಟಪುಷ್ಟ ಹುಡುಗ, ಕೈಯಲ್ಲಿ ಕೊಡಲಿ, ಕರಡಿಯ ಜೊತೆ ಕುಸ್ತಿ. ಮೇ 5ರ ಹಬ್ಬಕ್ಕೆ ಗಂಡುಮಕ್ಕಳಿರುವ ಮನೆಯಲ್ಲಿ ಅವನ ಗೊಂಬೆ ಇಡುವುದುಂಟು. ಆ ಹುಡುಗನನ್ನು ಅಶಿಗರಾ ಬೆಟ್ಟದಲ್ಲಿ ಸಾಕಿದವಳು ಯಮಂಬ. ಕೆಲವು ಊರುಗಳಲ್ಲಿ ಅವಳು ವರ್ಷದ ಕೊನೆಯ ಸಂತೆಗೆ ಬರುತ್ತಾಳೆ, ಅವಳು ಕೊಟ್ಟ ಕಾಸು ಸಿಕ್ಕ ಅಂಗಡಿ ಉದ್ಧಾರವಾಗುತ್ತದೆ ಅಂತ ನಂಬುತ್ತಿದ್ದರು. ಎಷ್ಟು ಬಿಚ್ಚಿದರೂ ಮುಗಿಯದ ನೂಲಿನ ಉಂಡೆ ಕೊಡುತ್ತಾಳೆ ಅಂತಲೂ ಕತೆಯಿದೆ.

ನನಗೆ ತುಂಬಾ ಇಷ್ಟವಾದ ಯಮಂಬ ಇರುವುದು ನೋ ನಾಟಕದಲ್ಲಿ. ನೋ ಅಂದರೆ ಮುಖವಾಡ ಹಾಕಿ ನಿಧಾನವಾಗಿ ಆಡುವ, ಆರುನೂರು ವರ್ಷದ ಹಿಂದಿನ ರಂಗಕಲೆ. ಕ್ಯೋಟೋದ ಒಬ್ಬ ನರ್ತಕಿ ಯಮಂಬಳ ಪಾತ್ರ ಮಾಡಿಯೇ ಹೆಸರು ಗಳಿಸಿದ್ದಾಳೆ. ಯಾತ್ರೆಗೆ ಹೊರಟಾಗ ಬೆಟ್ಟದಲ್ಲಿ ಇದ್ದಕ್ಕಿದ್ದಂತೆ ಕತ್ತಲಾಗುತ್ತದೆ. ಒಬ್ಬ ಹೆಂಗಸು ಬಂದು ಆಸರೆ ಕೊಡುತ್ತಾಳೆ. ಅವಳೇ ನಿಜವಾದ ಯಮಂಬ. ನನ್ನ ಹೆಸರಿನಿಂದ ಇಷ್ಟು ಕೀರ್ತಿ ಪಡೆದೆ, ಒಂದು ಸಲವಾದರೂ ನನ್ನ ಬಗ್ಗೆ ಯೋಚಿಸಿದೆಯಾ ಅನ್ನುವುದು ಅವಳ ಕೊರಗು. ಸೌದೆ ಹೊತ್ತು ದಣಿದವನ ಭಾರಕ್ಕೆ ತಾನು ಹೆಗಲು ಕೊಡುತ್ತೇನೆ, ಮಗ್ಗದ ಮುಂದೆ ಕೂತ ಹೆಣ್ಣಿನ ಮನೆಗೆ ಹೋಗಿ ನೂಲು ತೆಗೆದುಕೊಡುತ್ತೇನೆ, ಆದರೂ ಜನ ನನ್ನನ್ನು ರಾಕ್ಷಸಿ ಅನ್ನುತ್ತಾರೆ ಅನ್ನುತ್ತಾಳೆ. ಕೊನೆಗೆ ಬೆಟ್ಟದಿಂದ ಬೆಟ್ಟಕ್ಕೆ ಸುತ್ತುತ್ತಾ ಮರೆಯಾಗುತ್ತಾಳೆ. ಬೆಟ್ಟದವಳು ತನ್ನ ಬಾಯಿಂದಲೇ ಇಷ್ಟೊಂದು ಮಾತಾಡುವ ಜಾಗ ಈ ಸಾಹಿತ್ಯದಲ್ಲಿ ತುಂಬಾ ಕಡಿಮೆ.

ತೆಂಗು: ಆ ಕೆಂಪು ಮುಖದವನು

ಹುಡುಗರು ಕೇಳಿದ ಮುಖವಾಡ ಇವನದು. ಹೆಸರು ತೆಂಗು, ನಮ್ಮ ತೆಂಗಿನಮರದ ತೆಂಗು ಅಂದ ಹಾಗೆಯೇ ಹೇಳಬೇಕು. ಚೀನಾದಿಂದ ಬಂದ ಪದ, ಅಕ್ಷರ ಬಿಡಿಸಿದರೆ ‘ಆಕಾಶದ ನಾಯಿ’. ಚೀನಾದಲ್ಲಿ ಅದು ಉಲ್ಕೆಗೆ, ಧೂಮಕೇತುವಿಗೆ ಅಂಟಿದ ಹೆಸರಾಗಿತ್ತು. ಜಪಾನಿಗೆ ಬಂದ ಮೇಲೆ ನಾಯಿ ಹೋಗಿ ರೆಕ್ಕೆ ಬಂತು. ಹಕ್ಕಿಯ ಕೊಕ್ಕಿರುವ ತೆಂಗು ಒಂದು ಬಗೆ. ಬೌದ್ಧ ಧರ್ಮದ ಜೊತೆ ಜಪಾನಿಗೆ ಹೋದ ನಮ್ಮ ಗರುಡ ಅಲ್ಲಿ ‘ಕರುರ’ ಆದ. ಕೊಕ್ಕಿನ ತೆಂಗುವಿನ ರೂಪಕ್ಕೆ ಅವನೇ ಮೂಲ ಅಂತ ಹಲವರು ಹೇಳುತ್ತಾರೆ. ಉದ್ದ ಮೂಗಿನವನು ಇನ್ನೊಂದು ಬಗೆ, ಅವನು ಆಮೇಲೆ ಬಂದವನು.

ತೆಂಗು ಹಾಕಿಕೊಳ್ಳುವ ಬಟ್ಟೆ ನೋಡಿ. ಹಣೆಗೆ ಸಣ್ಣ ಕರಿ ಟೋಪಿ, ಎದೆಗೆ ಗೊಂಡೆಗಳು. ಇದು ಯಮಬುಶಿಗಳ ವೇಷ. ಯಮಬುಶಿ ಅಂದರೆ ಬೆಟ್ಟದಲ್ಲಿ ತಪಸ್ಸು ಮಾಡುವ, ಶಂಖ ಊದುವ, ಜಲಪಾತದ ಕೆಳಗೆ ನಿಲ್ಲುವ ಸಾಧಕರು. ಅವರ ಪಂಥದ ಹೆಸರು ಶುಗೆಂದೊ. ಕೆಳಗಿನ ಊರಿನವರಿಗೆ ಯಮಬುಶಿ ಅಂದರೆ ಗೌರವವೂ ಇತ್ತು, ಅನುಮಾನವೂ ಇತ್ತು. ಮಂತ್ರ ಗೊತ್ತಿರುವವನು ಮಾಟವನ್ನೂ ಮಾಡಬಹುದಲ್ಲ! ಆ ಅನುಮಾನಕ್ಕೆ ರೆಕ್ಕೆ ಬಂದರೆ ತೆಂಗು ಆಗುತ್ತದೆ.

1820ರಲ್ಲಿ ಎದೊ ನಗರದಲ್ಲಿ, ಅಂದರೆ ಇಂದಿನ ಟೋಕಿಯೋದಲ್ಲಿ, ತೊರಕಿಚಿ ಅನ್ನುವ ಹುಡುಗನೊಬ್ಬ ‘ನಾನು ಬೆಟ್ಟದಲ್ಲಿ ವರ್ಷಗಟ್ಟಲೆ ಇದ್ದು ಕಲಿತು ಬಂದೆ’ ಅಂದ. ಹಿರತಾ ಅತ್ಸುತಾನೆ ಅನ್ನುವ ದೊಡ್ಡ ವಿದ್ವಾಂಸರು ಅವನನ್ನು ಮನೆಯಲ್ಲೇ ಇಟ್ಟುಕೊಂಡು ಬೆಟ್ಟದ ಮೇಲೆ ಏನು ತಿನ್ನುತ್ತಾರೆ, ಹೇಗೆ ಹಾರುತ್ತಾರೆ ಅಂತ ಒಂದೊಂದೇ ಕೇಳಿ ಬರೆದುಕೊಂಡರು. ಬೆಟ್ಟದಲ್ಲಿ ಕಲಿಸಿದ ಆ ಗುರುವನ್ನು ಜನ ತೆಂಗು ಅಂದರೂ ಹುಡುಗ ಕರೆದದ್ದು ‘ಸಂಜಿನ್’ ಅಂತ. ಬರೆಯುವಾಗ ಅದು ಯಮಬಿತೊ ಅನ್ನುವ ಅವೇ ಎರಡು ಅಕ್ಷರ.

ತೋನೊ, 1910

ಇಷ್ಟು ಹೊತ್ತು ಹೇಳಿದ್ದೆಲ್ಲ ಅಲ್ಲಲ್ಲಿ ಚದುರಿದ್ದ ಕತೆಗಳು. ಇವನ್ನು ‘ವಿಷಯ’ ಮಾಡಿದ್ದು ಒಂದು ಪುಟ್ಟ ಪುಸ್ತಕ.

ಇವಾತೆಯಲ್ಲಿ ಸುತ್ತ ಬೆಟ್ಟಗಳಿರುವ ಒಂದು ತಗ್ಗು ಪ್ರದೇಶ ತೋನೊ. ಉತ್ತರಕ್ಕೆ 1917 ಮೀಟರ್ ಎತ್ತರದ ಹಯಾಚಿನೆ. ಆ ಊರಿನ ಹುಡುಗ ಸಸಾಕಿ ಕಿಜೆನ್, ಹುಟ್ಟಿದ್ದು 1886ರಲ್ಲಿ. ಸಾಹಿತಿಯಾಗಬೇಕು ಅಂತ ಟೋಕಿಯೋಗೆ ಬಂದಿದ್ದ. ಅಲ್ಲಿ ಯನಗಿತಾ ಕುನಿಯೊ ಅನ್ನುವ ಸರ್ಕಾರಿ ಅಧಿಕಾರಿಯ ಪರಿಚಯವಾಯಿತು. ಸಂಜೆ ಹೊತ್ತು ಅವರ ಮನೆಗೆ ಹೋಗಿ ತನ್ನೂರಿನಲ್ಲಿ ಕೇಳಿ ಬೆಳೆದದ್ದನ್ನು ಹೇಳುತ್ತಿದ್ದ. ಇವನು ಕತೆ ಹೇಳುವುದರಲ್ಲಿ ಚತುರನಲ್ಲ, ಆದರೆ ಪ್ರಾಮಾಣಿಕ ಅಂತ ಯನಗಿತಾ ಬರೆದಿದ್ದಾರೆ. 1910ರಲ್ಲಿ 119 ತುಣುಕುಗಳು ‘ತೋನೊ ಮೊನೊಗತಾರಿ’, ಅಂದರೆ ‘ತೋನೊ ಕತೆಗಳು’, ಅನ್ನುವ ಹೆಸರಿನಲ್ಲಿ ಅಚ್ಚಾದವು. ಬರೀ 350 ಪ್ರತಿ.

‘ಒಂದಾನೊಂದು ಕಾಲದಲ್ಲಿ’ ಅಂತ ಶುರುವಾಗುವ ಕತೆಗಳಲ್ಲ ಇವು. ಇಂಥ ಊರು, ಇಂಥ ಮನೆ, ಇಂಥವನು, ಅವನು ಈಗಲೂ ಬದುಕಿದ್ದಾನೆ ಅಂತ ಹೇಳುತ್ತವೆ. ಒಂದನ್ನು ಹತ್ತಿರದಿಂದ ನೋಡಿ. ಸಸಾಕಿ ಕಹೆಯಿ ಅನ್ನುವ ಬೇಟೆಗಾರ, ಆಗ ಎಪ್ಪತ್ತು ದಾಟಿದ ಮುದುಕ. ಯೌವನದಲ್ಲಿ ಒಮ್ಮೆ ಬೆಟ್ಟದ ತೀರಾ ಒಳಗೆ ಹೋಗಿದ್ದ. ದೂರದ ಬಂಡೆಯ ಮೇಲೆ ಒಬ್ಬ ಸುಂದರ ಹೆಂಗಸು ಕೂತು ಉದ್ದನೆಯ ಕರಿಕೂದಲು ಬಾಚುತ್ತಿದ್ದಳು. ಮುಖ ಬೆಳ್ಳಗೆ ಬಿಳಿಚಿಕೊಂಡಿತ್ತು. ಅವನು ಗಟ್ಟಿ ಗುಂಡಿಗೆಯವನು, ಹಿಂದೆಮುಂದೆ ನೋಡದೆ ಬಂದೂಕು ಹಾರಿಸಿದ. ಅವಳು ಬಿದ್ದಳು. ಓಡಿ ಹೋಗಿ ನೋಡಿದರೆ ಎತ್ತರದ ಮೈ, ಬಿಚ್ಚಿದ ಕೂದಲು ಅವಳ ಎತ್ತರಕ್ಕಿಂತ ಉದ್ದ. ಆಮೇಲೆ ಗುರುತಿಗಿರಲಿ ಅಂತ ಒಂದಿಷ್ಟು ಕೂದಲು ಕತ್ತರಿಸಿ, ಸುರುಳಿ ಸುತ್ತಿ ಎದೆಯ ಬಟ್ಟೆಯೊಳಗೆ ಇಟ್ಟುಕೊಂಡ. ಮನೆ ಕಡೆ ಬರುವಾಗ ದಾರಿಯಲ್ಲಿ ತಡೆಯಲಾಗದ ನಿದ್ದೆ. ಮರೆಯಲ್ಲಿ ಕೂತು ಜೊಂಪು ಹತ್ತಿತು. ನಿದ್ದೆಯೋ ಎಚ್ಚರವೋ ಗೊತ್ತಾಗದ ಆ ಹೊತ್ತಿನಲ್ಲಿ ತುಂಬಾ ಎತ್ತರದ ಗಂಡಸೊಬ್ಬ ಬಂದು, ಅವನ ಎದೆಗೆ ಕೈ ಹಾಕಿ ಆ ಕೂದಲಿನ ಸುರುಳಿ ತೆಗೆದುಕೊಂಡು ಹೋದ. ತಕ್ಷಣ ಎಚ್ಚರವಾಯಿತು. ಅವನು ಯಮ-ಒತೊಕೊ ಇರಬೇಕು ಅಂತ ಕತೆ ಅಲ್ಲಿಗೇ ನಿಲ್ಲುತ್ತದೆ.

ಕಹೆಯಿಗೆ ಏನೂ ಆಗಲಿಲ್ಲ. ಬಂದವನು ಸೇಡು ತೀರಿಸಿಕೊಳ್ಳಲಿಲ್ಲ, ಕೂದಲಷ್ಟೇ ತೆಗೆದುಕೊಂಡು ಹೋದ. ಸತ್ತವಳು ಅವನಿಗೆ ಏನಾಗಬೇಕಿತ್ತು? ಹೆಂಡತಿಯಾ, ಮಗಳಾ? ಕತೆ ಹೇಳುವುದಿಲ್ಲ. ಏಕೆಂದರೆ ಹೇಳುತ್ತಿರುವವನು ಬಂದೂಕು ಹಿಡಿದವನು.

ಪುಸ್ತಕದ ಮುನ್ನುಡಿಯಲ್ಲಿ ಯನಗಿತಾ ಒಂದು ಮಾತು ಬರೆದರು: ಇದನ್ನೆಲ್ಲ ಹೇಳಿ ಬಯಲಿನ ಜನ ನಡುಗುವಂತೆ ಮಾಡಬೇಕು. ಬಯಲಿನ ಜನ ಅಂದರೆ ಟೋಕಿಯೋದವರು, ಓದುಬರಹ ಬಲ್ಲವರು, ಜಪಾನ್ ಎಲ್ಲ ಆಧುನಿಕವಾಯಿತು ಅಂತ ನಂಬಿದ್ದವರು.

ಕಾಣೆಯಾದವರು

ತೋನೊ ಕತೆಗಳಲ್ಲಿ ಮತ್ತೆ ಮತ್ತೆ ಬರುವುದು ಕಾಣೆಯಾದ ಹೆಣ್ಣುಮಕ್ಕಳು. ಇದಕ್ಕೊಂದು ಪದವೇ ಇದೆ: ಕಮಿಕಕುಶಿ, ‘ದೇವರು ಬಚ್ಚಿಟ್ಟದ್ದು’. ಮುಸ್ಸಂಜೆಯಲ್ಲಿ ಮಗುವೋ ಹೆಂಗಸೋ ಕಾಣದಿದ್ದರೆ ಊರವರು ಡೋಲು, ಜಾಗಟೆ ಬಡಿಯುತ್ತಾ, ಹೆಸರು ಹಿಡಿದು ‘ವಾಪಸ್ ಕೊಡು, ವಾಪಸ್ ಕೊಡು’ ಅಂತ ಬೆಟ್ಟದ ಕಡೆಗೆ ಕೂಗುತ್ತಾ ಹುಡುಕುತ್ತಿದ್ದರು.

ಒಂದು ಹುಡುಗಿ ಚೆಸ್ಟ್‌ನಟ್ ಕಾಯಿ ಆರಿಸಲು ಬೆಟ್ಟಕ್ಕೆ ಹೋದವಳು ಬರಲಿಲ್ಲ. ಮನೆಯವರು ಅವಳ ದಿಂಬಿಟ್ಟು ಅಂತ್ಯಕ್ರಿಯೆ ಮಾಡಿದರು. ಎರಡು ಮೂರು ವರ್ಷ ಕಳೆದ ಮೇಲೆ ಊರಿನ ಬೇಟೆಗಾರನೊಬ್ಬ ಗೊಯೊ ಅನ್ನುವ ಬೆಟ್ಟದ ಒಂದು ಬಂಡೆಯ ಪೊಟರೆಯಲ್ಲಿ ಅವಳನ್ನು ಕಂಡ. ಒಬ್ಬ ಭಯಂಕರ ಮನುಷ್ಯ ಹೊತ್ತುಕೊಂಡು ಬಂದ, ತಪ್ಪಿಸಿಕೊಳ್ಳಲು ಆಗುತ್ತಿಲ್ಲ ಅಂದಳು. ಅವನು ಹೇಗಿದ್ದಾನೆ? ನಮ್ಮ ಹಾಗೆಯೇ ಕಾಣುತ್ತಾನೆ, ಆದರೆ ತುಂಬಾ ಎತ್ತರ, ಕಣ್ಣಿನ ಬಣ್ಣ ಹೆದರಿಕೆ ಹುಟ್ಟಿಸುತ್ತದೆ. ಮಕ್ಕಳಾದವು, ತನ್ನ ಹಾಗಿಲ್ಲ ಅಂತ ಅವನು ತೆಗೆದುಕೊಂಡು ಹೋಗಿಬಿಟ್ಟ, ತಿಂದನೋ ಕೊಂದನೋ ಗೊತ್ತಿಲ್ಲ.

ಇನ್ನೊಂದು, ಸಮುತೊ ಅನ್ನುವ ಜಾಗದ್ದು. ಚಿಕ್ಕ ಹುಡುಗಿ. ಪಿಯರ್ ಹಣ್ಣಿನ ಮರದ ಕೆಳಗೆ ಹುಲ್ಲಿನ ಚಪ್ಪಲಿ ಬಿಟ್ಟು ಮಾಯವಾದಳು. ಮೂವತ್ತು ಚಿಲ್ಲರೆ ವರ್ಷದ ಮೇಲೆ, ಆ ಮನೆಯಲ್ಲಿ ನೆಂಟರೆಲ್ಲ ಸೇರಿದ್ದ ದಿನ, ತೀರಾ ಮುದುಕಿಯಾಗಿ ಬಂದು ನಿಂತಳು. ಯಾಕೆ ಬಂದೆ ಅಂತ ಕೇಳಿದರು. ಎಲ್ಲರನ್ನೂ ನೋಡಬೇಕು ಅನ್ನಿಸಿತು, ಬಂದೆ, ಇನ್ನು ಹೋಗುತ್ತೇನೆ ಅಂದಳು. ಹೋದಳು. ಅವತ್ತು ಜೋರು ಗಾಳಿ. ಅಂದಿನಿಂದ ಗಾಳಿ ಬೀಸಿದ ದಿನ ತೋನೊ ಜನ ‘ಇವತ್ತು ಸಮುತೊ ಅಜ್ಜಿ ಬರುವ ಹಾಗಿದೆ’ ಅನ್ನುತ್ತಿದ್ದರು.

ಈ ಕತೆಗಳು ಹೀಗೇ ಯಾಕೆ ಹುಟ್ಟಿದವು ಅನ್ನುವುದಕ್ಕೆ ನೆಲದ ಮೇಲಿನ ಕಾರಣಗಳನ್ನು ಹುಡುಕಬಹುದು. ಆ ಭಾಗದಲ್ಲಿ ಚಳಿಗೆ ಬೆಳೆ ಹೋಗುವ ಬೇಸಿಗೆಗಳು ಪದೇ ಪದೇ ಬರುತ್ತಿದ್ದವು, ಬರ ಬೀಳುತ್ತಿತ್ತು. ಮನೆ ಬಿಟ್ಟು ಓಡಿದವರು, ಹೆರಿಗೆಯ ಮೇಲೆ ಬುದ್ಧಿ ಕಲಕಿ ಕಾಡು ಸೇರಿದವರು ಇದ್ದರು. ಯನಗಿತಾ ಅವರೇ ಇಂಥ ಹೆಂಗಸರ ಬಗ್ಗೆ ಬರೆದಿದ್ದಾರೆ. ‘ದೇವರು ಬಚ್ಚಿಟ್ಟ’ ಅಂದರೆ ಯಾರ ಮೇಲೂ ತಪ್ಪು ಹೊರಿಸಬೇಕಾಗಿಲ್ಲ, ಹೋದವಳ ಮೇಲೂ, ಮನೆಯವರ ಮೇಲೂ. ಆ ಪದ ಮಾಡುತ್ತಿದ್ದ ಕೆಲಸ ಅದು ಅಂತ ನನಗನ್ನಿಸುತ್ತದೆ.

ನಿಜವಾಗಿ ಇದ್ದರಾ? ಒಂದು ಪತ್ರಜಗಳ

ಯಮಬಿತೊ ಇದ್ದರು ಅಂತಲೇ ಯನಗಿತಾ ನಂಬಿದ್ದರು. ಅವರ ವಾದ ಹೀಗೆ: ಭತ್ತ ಬೆಳೆಯುವ ಜನ ಜಪಾನಿಗೆ ಬರುವ ಮುಂಚೆ ಇಲ್ಲಿ ಬೇರೆ ಜನ ಇದ್ದರು. ಸೋತವರಲ್ಲಿ ಕೆಲವರು ಬೆರೆತರು, ಕೆಲವರು ಬೆಟ್ಟ ಹತ್ತಿದರು. ಅವರ ಕೊನೆಯ ಕುಡಿಗಳೇ ಯಮಬಿತೊ.

ಇದಕ್ಕೆ ಹಳೆಯ ಗ್ರಂಥಗಳಲ್ಲಿ ಎಳೆಗಳಿವೆ. 712ರಲ್ಲಿ ಬರೆದ ಕೊಜಿಕಿಯಲ್ಲಿ ಮೊದಲ ಚಕ್ರವರ್ತಿ ಯೊಶಿನೊ ಬೆಟ್ಟ ಹಾಯುವಾಗ ಬಾವಿಯೊಳಗಿಂದ ಬಾಲವಿರುವ ಮನುಷ್ಯನೊಬ್ಬ ಹೊರಬರುತ್ತಾನೆ. ಮುಂದೆ ಹೋದರೆ ಬಂಡೆ ತಳ್ಳಿಕೊಂಡು ಇನ್ನೊಬ್ಬ ಬಾಲದವನು. ಯಾರು ನೀನು ಅಂದರೆ ‘ನಾನು ಈ ನೆಲದ ದೇವರು’ ಅನ್ನುತ್ತಾನೆ. ರಾಜರಿಗೆ ತಲೆಬಾಗದ ಗುಂಪುಗಳನ್ನು ಅದೇ ಕಾಲದ ಗ್ರಂಥಗಳು ‘ಮಣ್ಣಿನ ಜೇಡ’ ಅಂತ ಕರೆದವು. ಗೆದ್ದವರು ಬರೆದ ಪುಸ್ತಕದಲ್ಲಿ ಸೋತವರಿಗೆ ಬಾಲ ಬರುತ್ತದೆ, ಎಂಟು ಕಾಲು ಬರುತ್ತದೆ.

1908ರಲ್ಲಿ ಯನಗಿತಾ ದಕ್ಷಿಣದ ಕ್ಯೂಶು ದ್ವೀಪದ ಶೀಬಾ ಅನ್ನುವ ಬೆಟ್ಟದ ಹಳ್ಳಿಗೆ ಹೋಗಿದ್ದರು. ಅಲ್ಲಿ ಕಾಡು ಕಡಿದು ಸುಟ್ಟು ಬೇಸಾಯ ಮಾಡುತ್ತಿದ್ದರು. ನಮ್ಮ ಪಶ್ಚಿಮ ಘಟ್ಟದಲ್ಲಿ ಹಿಂದೆ ಕುಮರಿ ಅನ್ನುತ್ತಿದ್ದರಲ್ಲ, ಅಂಥದ್ದೇ. ಜೊತೆಗೆ ಹಂದಿ ಬೇಟೆ, ಅದಕ್ಕೆ ಬೇರೆಯದೇ ಪದಗಳು. ಭತ್ತದ ಗದ್ದೆಯ ಜಪಾನ್ ಒಂದೇ ಜಪಾನ್ ಅಲ್ಲ ಅಂತ ಅವರಿಗೆ ಅಲ್ಲೇ ಬಲವಾಗಿ ಅನ್ನಿಸಿದ್ದು.

ಇದನ್ನು ಒಪ್ಪದವರು ಮಿನಕತಾ ಕುಮಗುಸು. 1867ರಲ್ಲಿ ಹುಟ್ಟಿದವರು, ಲಂಡನ್ನಿನಲ್ಲಿ ಬ್ರಿಟಿಷ್ ಮ್ಯೂಸಿಯಂನಲ್ಲಿ ವರ್ಷಗಟ್ಟಲೆ ಕೂತು ಓದಿದವರು. ಆಮೇಲೆ ತನಬೆ ಅನ್ನುವ ಊರಿನಲ್ಲಿ ನೆಲೆ ನಿಂತು ಕುಮಾನೊ ಬೆಟ್ಟಗಳಲ್ಲಿ ಪಾಚಿ, ಶಿಲೀಂಧ್ರ ಹುಡುಕುತ್ತಾ ಅಲೆದವರು. ಅಂದರೆ ಬೆಟ್ಟವನ್ನು ಕಾಲಿನಿಂದ ಬಲ್ಲವರು. ಇಬ್ಬರ ನಡುವೆ ವರ್ಷಗಟ್ಟಲೆ ಪತ್ರಗಳು ಓಡಾಡಿದವು. 1916ರ ಕೊನೆಗೆ ಕುಮಗುಸು ನೇರವಾಗಿಯೇ ಬರೆದರು: ನೀವು ಹೇಳುವ ಯಮಬಿತೊ ಬೇರೆ ಜನಾಂಗವಲ್ಲ, ವಿಚಿತ್ರ ಸ್ಥಿತಿಯಲ್ಲಿ ಕಣ್ಣಿಗೆ ಬಿದ್ದ ಮಾಮೂಲಿ ಮನುಷ್ಯರು. ಅದಕ್ಕೆ ತಮ್ಮದೇ ಉದಾಹರಣೆ ಕೊಟ್ಟರು. ಒಮ್ಮೆ ಗಿಡ ಹುಡುಕಲು ಹೋಗಿ, ಹೆಚ್ಚುಕಡಿಮೆ ಬರಿಮೈಯಲ್ಲಿ, ಜೊತೆಗಾರನೊಂದಿಗೆ ಬೆಟ್ಟದಿಂದ ಓಡಿ ಇಳಿದರಂತೆ. ಕೆಳಗಿದ್ದ ಹಳ್ಳಿಯವರು ಹೆದರಿ ದಿಕ್ಕಾಪಾಲಾದರು. ಆ ಹಳ್ಳಿಯಲ್ಲಿ ಅವತ್ತು ಯಮಬಿತೊ ಕಂಡರು ಅಂತ ಕತೆ ಹುಟ್ಟಿದರೆ ಅದು ನಾನೇ ಅಂತ ಅವರ ಮಾತಿನ ಅರ್ಥ.

ಯನಗಿತಾ 1917ರಲ್ಲಿ ಮತ್ತೊಂದು ಸಲ ತಮ್ಮ ವಾದ ಮಂಡಿಸಿ ಉಪನ್ಯಾಸ ಕೊಟ್ಟರು. ಆಮೇಲೆ ನಿಧಾನವಾಗಿ ಬೆಟ್ಟದಿಂದ ಇಳಿದು, ಗದ್ದೆ ಮಾಡುವ ಸಾಮಾನ್ಯ ಜನರ ಅಧ್ಯಯನದ ಕಡೆ ತಿರುಗಿದರು. ಬೇರೆಯೇ ಒಂದು ಜನಾಂಗ ಬೆಟ್ಟದಲ್ಲಿ ಅಡಗಿ ಉಳಿದಿತ್ತು ಅನ್ನುವುದಕ್ಕೆ ಸಾಕ್ಷಿ ಸಿಗಲಿಲ್ಲ. ಇವತ್ತಿನ ವಿದ್ವಾಂಸರು ಆ ಭಾಗವನ್ನು ಒಪ್ಪುವುದಿಲ್ಲ.

ಆದರೆ ಬೆಟ್ಟ ಖಾಲಿ ಇರಲಿಲ್ಲ

ಇಲ್ಲಿಗೆ ಬಂದ ಮೇಲೆ ತುಂಬಾ ಜನ ‘ಹಾಗಾದರೆ ಎಲ್ಲ ಕಟ್ಟುಕತೆ’ ಅಂತ ಪುಸ್ತಕ ಮುಚ್ಚುತ್ತಾರೆ. ಅದು ತಪ್ಪು. ಬೇರೆ ಜನಾಂಗ ಇಲ್ಲದಿರಬಹುದು, ಬೇರೆ ಬದುಕು ಖಂಡಿತ ಇತ್ತು.

ಮತಗಿಗಳನ್ನೇ ತೆಗೆದುಕೊಳ್ಳಿ. ಅಕಿತಾದ ಅನಿ ಅವರ ಹೆಸರುವಾಸಿ ನೆಲೆ. ಬೆಟ್ಟಕ್ಕೆ ಕಾಲಿಟ್ಟ ಮೇಲೆ ಊರಿನ ಮಾತು ಆಡಬಾರದು, ಬೆಟ್ಟದ ಮಾತೇ ಆಡಬೇಕು. ಕರಡಿಗೆ ‘ಇತಾಜು’. ನೀರಿಗೆ ‘ವಕ್ಕ’, ನಾಯಿಗೆ ‘ಸೆತ’. ಕೊನೆಯ ಎರಡೂ ಉತ್ತರದ ಮೂಲನಿವಾಸಿಗಳಾದ ಐನು ಜನರ ಭಾಷೆಯ ಪದಗಳು. ಅವರ ಬೆಟ್ಟದ ದೇವತೆ ಹೆಣ್ಣು. ಚೆಂದವಿಲ್ಲದವಳು, ಹೊಟ್ಟೆಕಿಚ್ಚಿನವಳು ಅಂತ ನಂಬಿಕೆ. ತನಗಿಂತ ಕುರೂಪಿಯಾದ್ದನ್ನು ನೋಡಿದರೆ ಅವಳಿಗೆ ಖುಷಿ. ಅದಕ್ಕೇ ಒಕೊಜೆ ಅನ್ನುವ ವಿಕಾರ ಮುಖದ ಒಣಮೀನನ್ನು ಅವಳಿಗೆ ಒಪ್ಪಿಸುತ್ತಾರೆ.

ಕಿಜಿಯ ಅನ್ನುವವರು ಮರದ ಬಟ್ಟಲು, ತಟ್ಟೆ ಕಡೆಯುವವರು. ಒಳ್ಳೆಯ ಮರ ಸಿಕ್ಕಲ್ಲಿ ಕೆಲ ವರ್ಷ, ಅದು ಮುಗಿದರೆ ಮುಂದಿನ ಬೆಟ್ಟ. ಒಂಬತ್ತನೇ ಶತಮಾನದ ರಾಜಕುಮಾರ ಕೊರೆತಕ ನಮಗೆ ಮರ ಕಡೆಯುವ ಚರಕಿ ಹಿಡಿಯಲು ಕಲಿಸಿದ, ಎಲ್ಲ ಬೆಟ್ಟದ ಮೇಲ್ಭಾಗದ ಮರ ಕಡಿಯಲು ನಮಗೆ ಅಪ್ಪಣೆ ಇದೆ ಅಂತ ಕಾಗದ ಇಟ್ಟುಕೊಂಡು ಓಡಾಡುತ್ತಿದ್ದರು. ಮತಗಿಗಳ ಹತ್ತಿರವೂ ಎಲ್ಲ ಬೆಟ್ಟದಲ್ಲಿ ಬೇಟೆಗೆ ಅಪ್ಪಣೆ ಕೊಟ್ಟ ಸುರುಳಿ ಇರುತ್ತಿತ್ತು. ಆ ಕಾಗದಗಳು ಆಮೇಲೆ ಸೃಷ್ಟಿಸಿದವು ಅಂತ ಇತಿಹಾಸಕಾರರು ಹೇಳುತ್ತಾರೆ. ಇರಲಿ. ಯಾಕೆ ಬೇಕಾಯಿತು ಅಂತ ಯೋಚಿಸಿ. ‘ನೀನು ಯಾರು, ನಮ್ಮ ಬೆಟ್ಟದಲ್ಲಿ ಏನು ಮಾಡುತ್ತಿದ್ದೀಯ’ ಅಂತ ಕೆಳಗಿನವರು ಕೇಳಿದಾಗ ತೋರಿಸಲು ಏನಾದರೂ ಬೇಕಲ್ಲ.

ಸಂಕ ಅನ್ನುವವರ ಹತ್ತಿರ ಅದೂ ಇರಲಿಲ್ಲ. ಹೊಳೆದಂಡೆಯಲ್ಲಿ ಡೇರೆ ಹಾಕಿ, ಮೊರ ಹೆಣೆದು, ಹಳೆ ಮೊರ ರಿಪೇರಿ ಮಾಡಿ, ಅಕ್ಕಿಗೆ ಬದಲಿಸಿ ಮುಂದೆ ಹೋಗುತ್ತಿದ್ದರು. ಪೊಲೀಸರ ಕಣ್ಣಿಗೆ ಅವರು ಕಳ್ಳರು. ಇಪ್ಪತ್ತನೇ ಶತಮಾನದಲ್ಲಿ ಒಬ್ಬ ಕಾದಂಬರಿಕಾರ ಅವರಿಗೆ ಗುಪ್ತ ಲಿಪಿ, ಗುಪ್ತ ಸಂಘಟನೆ ಇದೆ ಅಂತೆಲ್ಲ ಬರೆದು ಜನಪ್ರಿಯನಾದ. ಅದರಲ್ಲಿ ಬಹುಪಾಲು ಕಲ್ಪನೆ ಅಂತ ಗೊತ್ತಾಗುವಷ್ಟರಲ್ಲಿ ದಶಕಗಳೇ ಕಳೆದಿದ್ದವು.

1868ರಲ್ಲಿ ಮೇಯ್ಜಿ ಸರ್ಕಾರ, ಅಂದರೆ ಜಪಾನನ್ನು ಆಧುನಿಕ ಮಾಡಲು ಹೊರಟ ಹೊಸ ಸರ್ಕಾರ, ಬಂದ ಮೇಲೆ ಈ ಬದುಕುಗಳಿಗೆಲ್ಲ ಒಟ್ಟಿಗೇ ಪೆಟ್ಟು ಬಿತ್ತು. 1872ರಲ್ಲಿ ಎಲ್ಲರೂ ಒಂದು ವಿಳಾಸಕ್ಕೆ ಹೆಸರು ನೋಂದಾಯಿಸಬೇಕಾಯಿತು. ಅದೇ ವರ್ಷ ಶುಗೆಂದೊ ಪಂಥವನ್ನೇ ನಿಷೇಧಿಸಿದರು. ಕಾಡಿನ ದೊಡ್ಡ ಭಾಗ ಸರ್ಕಾರದ್ದಾಯಿತು. ಯನಗಿತಾ ಕತೆ ಕೇಳಿಸಿಕೊಳ್ಳುವ ಹೊತ್ತಿಗೆ ಬೆಟ್ಟದ ಬದುಕು ಕಣ್ಣೆದುರೇ ಕರಗುತ್ತಿತ್ತು.

1926ರಲ್ಲಿ ಅವರು ಬೆಟ್ಟದ ಬದುಕಿನ ಬಗ್ಗೆ ಇನ್ನೊಂದು ಪುಸ್ತಕ ತಂದರು. ಅದು ಶುರುವಾಗುವುದು ಯಮಬಿತೊವಿನಿಂದಲ್ಲ, ಅಧಿಕಾರಿಯಾಗಿದ್ದಾಗ ಓದಿದ ಒಂದು ಅಪರಾಧದ ಕಡತದಿಂದ. ಮಿನೊ ಬೆಟ್ಟದಲ್ಲಿ ಇದ್ದಿಲು ಸುಡುವವನೊಬ್ಬ. ಹೆಂಡತಿ ತೀರಿಕೊಂಡಿದ್ದಳು. ಹದಿಮೂರು ವರ್ಷದ ಮಗ, ಅದೇ ವಯಸ್ಸಿನ ಒಂದು ಸಾಕುಮಗಳು. ಇದ್ದಿಲು ಮಾರಾಟವಾಗುತ್ತಿಲ್ಲ. ಊರಿಗೆ ಇಳಿದರೂ ಒಂದು ಹಿಡಿ ಅಕ್ಕಿ ಸಿಗಲಿಲ್ಲ. ಬರಿಗೈಯಲ್ಲಿ ಬಂದವನು ಹಸಿದ ಮಕ್ಕಳ ಮುಖ ನೋಡಲಾರದೆ ಒಳಗೆ ಹೋಗಿ ಮಲಗಿದ. ಎದ್ದಾಗ ಗುಡಿಸಲ ಬಾಗಿಲಿಗೆ ಸಂಜೆ ಬಿಸಿಲು ಬಿದ್ದಿತ್ತು. ಮಕ್ಕಳಿಬ್ಬರೂ ಆ ಬಿಸಿಲಿನಲ್ಲಿ ಕೂತು ಕೊಡಲಿ ಮಸೆಯುತ್ತಿದ್ದರು. ಅಪ್ಪಾ, ನಮ್ಮನ್ನು ಇದರಿಂದ ಕೊಂದುಬಿಡು ಅಂತ ಬಾಗಿಲ ಮರದ ಮೇಲೆ ತಲೆ ಇಟ್ಟು ಮಲಗಿದರು. ಅವನು ಕೊಂದ. ತಾನು ಸಾಯಲಾರದೆ ಜೈಲು ಸೇರಿದ.

ನಾವು ಊಹಿಸಿಕೊಳ್ಳುವ ಎಷ್ಟೋ ಕತೆಗಿಂತ ನಿಜ ಆಳವಾದದ್ದು ಅನ್ನುವ ಅರ್ಥದಲ್ಲಿ ಯನಗಿತಾ ಇದನ್ನು ಮುಂದಿಟ್ಟರು. ಇದನ್ನು ಓದಿದ ಮೇಲೆ ‘ಮಕ್ಕಳನ್ನು ತಿಂದುಬಿಡುವ ಬೆಟ್ಟದ ಗಂಡಸು’ ಅನ್ನುವ ಕತೆ ನನಗೆ ಮೊದಲಿನ ಹಾಗೆ ಕೇಳಿಸುವುದಿಲ್ಲ.

ಈಗ ಅಲ್ಲಿ

ಊರಬೆಟ್ಟ ಈಗ ಬಹಳ ಕಡೆ ಹಾಳುಬಿದ್ದಿದೆ. ಸೌದೆ ಬೇಕಿಲ್ಲ, ಇದ್ದಿಲು ಬೇಕಿಲ್ಲ, ಹಳ್ಳಿಗಳಲ್ಲಿ ಉಳಿದವರು ವಯಸ್ಸಾದವರು. ಬಯಲಿಗೂ ಒಳಬೆಟ್ಟಕ್ಕೂ ನಡುವೆ ಇದ್ದ ಆ ಪಟ್ಟಿ ಪೊದೆ ಬೆಳೆದು ಮುಚ್ಚಿಕೊಂಡಿದೆ. ಬೆಟ್ಟದಲ್ಲಿ ಮೇವು ಕಡಿಮೆಯಾದ ವರ್ಷ ಕರಡಿ ಆ ಪೊದೆಯೊಳಗಿಂದ ನೇರ ಮನೆಯಂಗಳಕ್ಕೇ ಬರುತ್ತದೆ. ಬೇಟೆಗಾರರೂ ಮುದುಕರಾಗಿದ್ದಾರೆ. ಮತಗಿಗಳ ಹೆಸರು ಮತ್ತೆ ಸುದ್ದಿಗೆ ಬಂದದ್ದು ಹೀಗೆ.

ತೋನೊಗೆ ಈಗ ರೈಲಿದೆ, ವಸ್ತುಸಂಗ್ರಹಾಲಯವಿದೆ, ಕತೆ ಹೇಳುವ ಅಜ್ಜಿಯರೂ ಇದ್ದಾರೆ. ಅವರು ಸ್ಥಳೀಯ ಮಾತಿನಲ್ಲೇ ಹೇಳುತ್ತಾರೆ, ಟೋಕಿಯೋದವರಿಗೂ ಪೂರ್ತಿ ಅರ್ಥವಾಗುವುದಿಲ್ಲ.

ಸಸಾಕಿ ಕಿಜೆನ್ ಸಾಹಿತಿಯಾಗಿ ಹೆಸರು ಮಾಡಲಿಲ್ಲ. ಊರಿಗೆ ಮರಳಿ ಕತೆ ಕೂಡಿಡುವುದರಲ್ಲೇ ಬದುಕು ಕಳೆದು 1933ರಲ್ಲಿ ತೀರಿಕೊಂಡರು. ಗಾಳಿಯ ದಿನ ಬಂದ ಆ ಮುದುಕಿಯ ಕತೆಯನ್ನು ಅವರು ತಾವೇ ಇನ್ನೊಂ​ದು ಕಡೆ ಬರೆದಿದ್ದಾರೆ, ಸ್ವಲ್ಪ ಬೇರೆ ರೀತಿ. ಅದರಲ್ಲಿ ಊರಿನ ಹೆಸರು ನೊಬೊತೊ. ಅವಳು ಒಂದು ಸಲವಲ್ಲ, ಪ್ರತಿ ವರ್ಷ ಮನೆಯವರನ್ನು ನೋಡಲು ಬರುತ್ತಿದ್ದಳು. ಅವಳು ಬಂದಾಗಲೆಲ್ಲ ಬಿರುಗಾಳಿ ಎದ್ದು ಹಳ್ಳಿಗಳಿಗೆ ಹಾನಿಯಾಗುತ್ತಿತ್ತು. ಜನ ಗೊಣಗಿದರು. ಕೊನೆಗೆ ಯಮಬುಶಿಯನ್ನೂ ದೇವರು ಮೈಮೇಲೆ ಬರುವ ಹೆಂಗಸನ್ನೂ ಕರೆಸಿ ಪೂಜೆ ಮಾಡಿಸಿ, ಊರಿನ ಗಡಿಯಲ್ಲಿ ಕಲ್ಲು ನೆಟ್ಟರು, ಇದನ್ನು ದಾಟಿ ಬರಬೇಡ ಅಂತ. ಆಮೇಲೆ ಅವಳು ಬರಲಿಲ್ಲವಂತೆ.